ಮರಕ್ಕೊಂದು ನಂಬರು

ಚನ್ನಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಜಯಕುಮಾರ ತನ್ನ ಮಗಳನ್ನು ಶಾಲೆ ಬಿಡಿಸಿದ್ದು ಒಂದು ಮರದ ದೆಸೆಯಿಂದ. ಮರ ಅಂದರೆ ನಿಜವಾದ ಮರವಲ್ಲ. ನಿಜವಾದ ಮರಗಳು ಆಮೇಲೆ ಬರುತ್ತವೆ, ಬಂದು ಅವನ ಮಾನ ಹರಾಜು ಹಾಕುತ್ತವೆ. ಇದು ಶಾಲೆಯ ವಾರ್ಷಿಕೋತ್ಸವದ ನಾಟಕದ ಮರ.

ನಾಟಕದಲ್ಲಿ ಕಾಡಿನ ರಾಣಿ ಇದ್ದಳು, ಜಿಂಕೆ ಇತ್ತು, ನವಿಲಿತ್ತು. ಎರಡನೇ ಕ್ಲಾಸಿನ ಇಂಪನಳಿಗೆ ಸಿಕ್ಕಿದ್ದು ಮರದ ಪಾರ್ಟು. ಮಾತಿಲ್ಲ, ಹಾಡಿಲ್ಲ, ಎರಡೂ ಕೈ ಮೇಲೆತ್ತಿಕೊಂಡು ಕೊನೆಯವರೆಗೆ ನಿಂತಿರಬೇಕು ಅಷ್ಟೆ. ಇಂಪನ ಖುಷಿಯಾಗಿಯೇ ಇದ್ದಳು. ಮನೆಯಲ್ಲಿ ಫ್ರಿಡ್ಜಿನ ಪಕ್ಕ ನಿಂತು ಅಭ್ಯಾಸವನ್ನೂ ಶುರು ಮಾಡಿದ್ದಳು. ಖುಷಿಯಾಗದವನು ಅವಳಪ್ಪ. ಎದುರು ಸಾಲಿನ ಬೇಕರಿಯವನ ಮಗಳು ರಾಣಿ, ತನ್ನ ಮಗಳು ಮರ. ನೆಟ್ಟಗೆ ಹೆಡ್ ಮಿಸ್ ಹತ್ತಿರ ಹೋದ.

"ಯಾವ ಮರ ಮೇಡಂ?"

"ಮರ ಸಾರ್. ಬರೀ ಮರ."

"ಬರೀ ಮರ ಅಂತ ಒಂದು ಮರ ಐತಾ ಮೇಡಂ? ಹುಣಸೆ ಐತೆ, ಬೇವೈತೆ, ಹೊಂಗೆ ಐತೆ. ಮರ ಅಂದ್ರೆ ಏನು ಅಂತ ಗೊತ್ತಿಲ್ದೋರು ಮಕ್ಳನ್ನ ಮರ ಮಾಡ್ತೀರಲ್ಲ. ನಿಮ್ಗಿಂತ ಚೆನ್ನಾಗಿ ನಾನೇ ಮನೇಲಿ ಕಲಿಸ್ತೀನಿ, ಟಿ.ಸಿ. ಕೊಡಿ."

ಜಯಕುಮಾರನಿಗೆ ಗೊತ್ತಿದ್ದದ್ದೇ ಆ ಮೂರು ಮರ. ಮೂರನ್ನೂ ಆ ಒಂದು ಮಾತಿಗೆ ಖರ್ಚು ಮಾಡಿಬಿಟ್ಟಿದ್ದ. ಹೆಡ್ ಮಿಸ್ ಗಾಬರಿಯಾಗುತ್ತಾರೆ, ಕೂತ್ಕೊಳ್ಳಿ ಸಾರ್ ಅನ್ನುತ್ತಾರೆ, ಕೊನೆಗೆ ಜಿಂಕೆಯನ್ನಾದರೂ ಮಾಡುತ್ತಾರೆ ಎಂದು ಅವನು ಲೆಕ್ಕ ಹಾಕಿದ್ದ. ಆದರೆ ಆ ತಾಯಿ ಇಂಥ ಅಪ್ಪಂದಿರನ್ನು ಬೇಕಾದಷ್ಟು ಕಂಡಿದ್ದವರು. ನಿಂತ ನಿಲುವಿನಲ್ಲೇ ಟಿ.ಸಿ. ಬರೆದು ಕೈಗಿಟ್ಟು, "ಇದರದ್ದೊಂದು ಕಾಪಿ ನಮಗೂ ಬೇಕು ಸಾರ್, ಇಲ್ಲಿ ಮಿಷನ್ ಕೆಟ್ಟಿದೆ" ಎಂದರು. ಹೀಗೆ ಜಯಕುಮಾರ ತನ್ನ ಮಗಳ ಟಿ.ಸಿ.ಯನ್ನು ತನ್ನದೇ ಅಂಗಡಿಯಲ್ಲಿ, ತನ್ನದೇ ಕೈಯಾರೆ ಜೆರಾಕ್ಸ್ ಮಾಡಿಕೊಟ್ಟು ಬಂದ.

ಕೇಳಿದವರಿಗೆಲ್ಲ "ಹೋಮ್ ಸ್ಕೂಲಿಂಗು" ಎಂದ. ಮೊಬೈಲಿನಲ್ಲಿ ನೋಡಿದ್ದ ಮಾತು. ಮನೆಯ ಶಾಲೆ ಅಂದರೆ ಅಂಗಡಿಯಲ್ಲೇ ನಡೆಯುವ ಶಾಲೆ. ಎರಡು ವಾರದಲ್ಲಿ ಇಂಪನ ಕಲಿತದ್ದೂ ಕಡಿಮೆಯೇನಲ್ಲ. ಗಿರಾಕಿ ಬಂದರೆ ಸ್ಟೂಲಿನ ಮೇಲೆ ಹತ್ತಿ ನಿಂತು, "ಆಧಾರ್ ಕಾರ್ಡಾ ಅಂಕಲ್? ಹಿಂದೆ ಮುಂದೆ ಒಂದೇ ಸೈಡಿಗಾ, ಎರಡು ಸೈಡಿಗಾ?" ಎಂದು ಕೇಳುವಷ್ಟಾಗಿದ್ದಳು.

ಹೆಂಡತಿ ಭಾನುಪ್ರಿಯ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಮಿಷನ್ ನಿಲ್ಲಿಸಿದಳು. ಅವಳು ಮಿಷನ್ ನಿಲ್ಲಿಸಿದಳೆಂದರೆ ಜಯಕುಮಾರನ ಎದೆಯೂ ಒಂದು ಗಳಿಗೆ ನಿಲ್ಲುತ್ತದೆ.

"ರೀ, ಭಾನುವಾರ ಸಂಜೆ ನಮ್ಮಪ್ಪ ಸೋಲೂರಿಂದ ಬತ್ತಾರೆ. ಮಗಾನ ಕೂರಿಸ್ಕಂಡು ಏನ್ ಕಲ್ತೆ ಅಂತ ಕೇಳ್ತಾರೆ. ಅವ್ಳು ಆಧಾರ್ ಕಾರ್ಡ್ ಬುಟ್ಟು ಇನ್ನೊಂದು ಹೇಳ್ಲಿಲ್ಲ ಅಂದ್ರೆ ಅವರ ಜೊತೇಲೇ ಕಳಿಸ್ಬುಡ್ತೀನಿ. ಅಜ್ಜಿ ಮನೇಲಿದ್ಕಂಡು ಅಲ್ಲೇ ಓದ್ಲಿ."

ಮಾವ ಚೆಲುವಯ್ಯ ಬಯ್ಯುವವರಲ್ಲ, ಕೂಗುವವರಲ್ಲ. ಹೇಳಿದ್ದನ್ನು ಮಾಡುವವರು. ಇಂಪನಳಿಲ್ಲದ ಮನೆಯನ್ನು ಜಯಕುಮಾರ ಒಂದು ಸಲ ಮನಸ್ಸಿಗೆ ತಂದುಕೊಂಡ. ಮಧ್ಯಾಹ್ನ ಊಟವಾದ ಮೇಲೆ ಬೆನ್ನು ತುಳಿಯುವವರಿಲ್ಲ. ಸ್ಕೂಟರಿನ ಮುಂದೆ ನಿಂತು ಎಲ್ಲರಿಗೂ ಹಾರ್ನ್ ಹೊಡೆಯುವವರಿಲ್ಲ. ಮರವೊಂದಕ್ಕೆ ಇಷ್ಟೆಲ್ಲ ಮಾಡಿಕೊಂಡೆನಲ್ಲ ಎಂದು ಮೊದಲ ಸಲ ಅನ್ನಿಸಿತು. ಬಾಯಿಬಿಟ್ಟು ಮಾತ್ರ ಹೇಳಲಿಲ್ಲ.

ದಾರಿ ತೋರಿಸಿದವನು ಪಕ್ಕದ ಗೊಂಬೆ ಅಂಗಡಿಯ ಅತೀಕ.

"ಅರೆ ಜಯಣ್ಣ, ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊತೀಯ? ನಮ್ಮ ಅಂಗಡಿಗೆ ಬರೋ ಬೆಂಗಳೂರು ಪಾರ್ಟಿಗಳು ಮಕ್ಕಳನ್ನ ನೇಚರ್ ವಾಕ್ ಅಂತ ಕರ್ಕೊಂಡು ಹೋಗ್ತಾರೆ. ಸುಮ್ನೆ ನಡೆಯೋದು, ಗಿಡ ಮರ ತೋರಿಸೋದು. ಅದೇ ಪಾಠ. ಹಳ್ಳಿ ಕಡೆ ಒಂದು ಸುತ್ತು ಹೊಡೆಸ್ಕೊಂಡು ಬಾ."

"ಮರದ ಹೆಸ್ರು ಕೇಳಿದ್ರೆ ಏನ್ಲಾ ಹೇಳ್ಲಿ? ನಂಗೆ ಬರೋದೇ ಮೂರು."

ಇಬ್ಬರೂ ಕೂತು ಒಂದು ಟೀ ಮುಗಿಯುವವರೆಗೆ ಯೋಚಿಸಿದರು. ಆ ಯೋಚನೆ ಬಂದದ್ದು ಜಯಕುಮಾರನಿಗೇ, ಪಾಪ ಅತೀಕನ ಮೇಲೆ ಹಾಕುವುದು ಬೇಡ. ಒಂದೊಂದು ಮರಕ್ಕೂ ಒಂದೊಂದು ನಂಬರು ಬರೆಯುವುದು, ಫೋಟೋ ಹೊಡೆದುಕೊಳ್ಳುವುದು, ಮನೆಗೆ ಬಂದು ಮೊಬೈಲಿನಲ್ಲಿ ಹೆಸರು ಹುಡುಕಿ ನಂಬರಿಗೆ ಹೊಂದಿಸುವುದು. ಮಗಳಿಗೆ ಪರಿಸರ ಪಾಠವೂ ಆಯಿತು, ಲೆಕ್ಕದ ಪಾಠವೂ ಆಯಿತು. ತನ್ನ ಬುದ್ಧಿಗೆ ತಾನೇ ತಲೆದೂಗಿದ. ಅತೀಕ ಅಂಗಡಿ ಬೋರ್ಡಿಗೆ ತಂದು ಉಳಿಸಿದ್ದ ಕೆಂಪು ಪೇಂಟಿನ ಡಬ್ಬಿಯನ್ನೂ ಒಂದು ಬ್ರಷ್ಷನ್ನೂ ಕೊಟ್ಟು, "ಒಳ್ಳೇ ಪೇಂಟು, ಮಳೆ ಬಂದ್ರೂ ಹೋಗಲ್ಲ" ಎಂದ.

ಭಾನುವಾರ ಬೆಳಿಗ್ಗೆ ಸ್ಕೂಟರು ಅಕ್ಕೂರಿನ ದಾರಿ ಹಿಡಿದು, ಒಂದು ತಿರುವು ತಪ್ಪಿ, ಬಿಲ್ಲಯ್ಯನದೊಡ್ಡಿ ಎಂಬ ಹಳ್ಳಿಯ ಹತ್ತಿರ ನಿಂತಿತು. ರಸ್ತೆಯ ಎರಡೂ ಬದಿಗೆ ಮರ, ಆಚೆಗೆ ಹಿಪ್ಪುನೇರಳೆ ತೋಟ. ಜಯಕುಮಾರ ತಲೆಗೆ ಬಿಸಿಲು ಟೋಪಿ ಹಾಕಿಕೊಂಡ. ಮರದ ದಪ್ಪ ಅಳೆಯಲೆಂದು ಹೆಂಡತಿಯ ಟೇಪನ್ನು ಕುತ್ತಿಗೆಗೆ ಇಳಿಬಿಟ್ಟುಕೊಂಡ. ಕೈಯಲ್ಲಿ ಕೆಂಪು ಪೇಂಟು ಹಿಡಿದು ಮೊದಲನೇ ಮರದ ಮುಂದೆ ನಿಂತ.

ಈ ವೇಷದ ಗಂಡಸು ರಸ್ತೆ ಬದಿಯ ಮರಕ್ಕೆ ನಂಬರು ಬರೆದರೆ ಅದರರ್ಥವೇನು ಎಂದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಮೊದಲು ಮರಕ್ಕೆ ನಂಬರು ಬೀಳುತ್ತದೆ. ಆಮೇಲೆ ಮರ ಬೀಳುತ್ತದೆ. ಆಮೇಲೆ ಜೆಸಿಬಿ ಬಂದು ರಸ್ತೆ ಅಗಲವಾಗುತ್ತದೆ. ಗೊತ್ತಿಲ್ಲದೆ ಉಳಿದಿದ್ದವನು ತಾಲ್ಲೂಕಿಗೆ ಒಬ್ಬನೇ, ಅವನೇ ಬ್ರಷ್ ಹಿಡಿದುಕೊಂಡಿದ್ದ.

ಒಂದನೇ ನಂಬರು ಹುಣಸೆ. ಎರಡು ಹೊಂಗೆ. ಮೂರನೆಯದರ ಮುಂದೆ ಇಂಪನ "ಇದ್ಯಾವ್ದಪ್ಪ?" ಎಂದಳು. ಜಯಕುಮಾರ ಮೇಲೆ ನೋಡಿದ, ಕೆಳಗೆ ನೋಡಿದ, ತೊಗಟೆ ತಟ್ಟಿ ನೋಡಿದ. "ಮೂರು" ಎಂದ.

ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ದೊಡ್ಡಲಕ್ಷ್ಮಮ್ಮ. ಅವಳ ಮನೆ ಆ ಮರದ ಹಿಂದೆಯೇ ಇತ್ತು.

"ಯಾಕಪ್ಪ ನಮ್ ಮರಕ್ಕೆ ಬಣ್ಣ ಬಳೀತಿದ್ದೀಯ?"

"ಸ್ಟಡಿ ಮಾಡ್ತಿದ್ದೀವಿ ಅಜ್ಜಿ" ಎಂದ ಜಯಕುಮಾರ ಗಂಭೀರವಾಗಿ.

ಮುದುಕಿಯ ಮುಖ ಸಣ್ಣಗಾಯಿತು. "ಮೊದ್ಲು ಹಂಗೇ ಅಂತಾರೆ. ನಮ್ಮ ತಮ್ಮನ ಊರಲ್ಲೂ ಸ್ಟಡಿ ಅಂತ್ಲೇ ಬಂದಿದ್ದು. ಈಗ ಅಲ್ಲಿ ನಿಂತ್ಕಳಕ್ಕೆ ನೆಳ್ಳಿಲ್ಲ."

"ಅಜ್ಜಿ, ಇದ್ಯಾವ ಮರ?" ಇಂಪನ ಕೇಳಿದಳು.

"ಹಲಸು ಕಣವ್ವ. ನಮ್ಮತ್ತೆ ನೆಟ್ಟಿದ್ದು. ನಾನು ಮದ್ವೆಯಾಗಿ ಬಂದಾಗ ನಿನ್ನಷ್ಟುದ್ದ ಇತ್ತು. ಅತ್ತೆ ಬೈದಾಗೆಲ್ಲ ಇದ್ರ ಬುಡ್ದಲ್ಲೇ ಕೂತ್ಕಂಡು ಅಳ್ತಿದ್ದೆ." ಅಷ್ಟು ಹೇಳಿ ಮುದುಕಿ ಅಲ್ಲೇ ಬುಡದಲ್ಲಿ ಕೂತು, ಈಗಲೂ ಅಳುವುದಕ್ಕೆ ಶುರು ಮಾಡಿದಳು.

ಅಳು ಕೇಳಿ ಜನ ಸೇರಿದರು. ಮುಂದೆ ನುಗ್ಗಿ ಬಂದವನು ಕೆಂಚಯ್ಯ. ಅವನು ದನದ ಕೊಟ್ಟಿಗೆಯನ್ನು ರಸ್ತೆಯ ಜಾಗಕ್ಕೆ ಒಸಿ ಮುಂದೆ ತಂದು ಕಟ್ಟಿಕೊಂಡಿದ್ದ. ಒಸಿ ಅಂದರೆ ಅರ್ಧ ಕೊಟ್ಟಿಗೆ.

"ಸಾರ್, ರೋಡು ಈ ಮಗ್ಗುಲಿಗೆ ಬತ್ತದಾ, ಆ ಮಗ್ಗುಲಿಗೆ ಬತ್ತದಾ?"

"ಯಾವ ರೋಡು?"

ಕೆಂಚಯ್ಯ ಹಿಂದಿನವರ ಕಡೆ ತಿರುಗಿದ. "ಹೇಳಂಗಿಲ್ಲ ಅವ್ರು. ಮೇಲಿಂದ ಆರ್ಡರ್ ಇರ್ತದೆ."

"ಅಯ್ಯೋ, ನಾನು ಮಗಳಿಗೆ ಪಾಠ ಹೇಳ್ಕೊಡ್ತಾ ಇದ್ದೀನಿ ಅಷ್ಟೇ."

"ನೋಡ್ದಾ? ಅನುಮಾನ ಬರ್ದಿರ್ಲಿ ಅಂತ ಮಗೀನೂ ಕರ್ಕಬಂದವ್ರೆ. ಸಾರ್, ಎದುರುಗಡೆ ನಮ್ಮ ತಮ್ಮನ ಜಾಗ ಬೇಕಾದಂಗೈತೆ. ಅವ್ನ ಬೇವಿನ ಮರ ನೋಡಿ ಎಷ್ಟು ಚೆನ್ನಾಗೈತೆ. ರೋಡು ಅಲ್ಲೇ ಹೋಗ್ಲಿ."

ತಮ್ಮ ಎದುರುಗಡೆಯೇ ನಿಂತಿದ್ದ. ಅಣ್ಣತಮ್ಮಂದಿರು ಮಾತು ಬಿಟ್ಟು ಬಹಳ ಕಾಲವಾಗಿತ್ತು. ಆದ್ದರಿಂದ ಅವನು ಅಣ್ಣನಿಗೆ ಏನೂ ಹೇಳದೆ, ಜಯಕುಮಾರನಿಗೊಂದು ಎಳನೀರು ಕೆತ್ತಿ ಕೊಟ್ಟ. ಅದನ್ನು ನೋಡಿ ಕೆಂಚಯ್ಯ ಎರಡು ಕೆತ್ತಿಸಿದ.

ಆ ಹೊತ್ತಿಗೆ ಪಂಚಾಯ್ತಿ ಮೆಂಬರ್ ಅನಂತರಾಜು ಬೈಕಿನಲ್ಲಿ ಬಂದಿಳಿದ. "ಏನಣ್ಣ, ರೋಡಿಗೆ ನಂಬರ್ ಬಿದ್ದೈತೆ, ನಿಂಗೇ ಗೊತ್ತಿಲ್ವಾ?" ಎಂದು ಯಾರೋ ಕೇಳಿದರು. ಅನಂತರಾಜುವಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡ ಮೆಂಬರನ್ನು ಆ ಊರು ಇನ್ನೊಂದು ಸಲ ಆರಿಸುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು.

"ಗೊತ್ತಿಲ್ವಾ ಅಂತ ಕೇಳ್ತೀರಲ್ಲ. ಮತ್ತೆ ಯಾರು ಹಾಕ್ಸಿದ್ದು ಅನ್ಕಂಡ್ರಿ? ಓಡಾಡಿ ಓಡಾಡಿ ನನ್ನ ಚಪ್ಲಿ ಸವೆದೈತೆ." ಎಂದವನೇ ಜಯಕುಮಾರನ ಹೆಗಲ ಮೇಲೆ ಕೈ ಹಾಕಿದ. "ಇಂಜಿನಿಯರ್ ಸಾಹೇಬ್ರು ನಂಗೆ ಬಾಳ ಬೇಕಾದೋರು."

ಜಯಕುಮಾರನನ್ನು ಜನ ಇಲ್ಲಿಯವರೆಗೆ ಕರೆದದ್ದು "ಲೇ ಜೆರಾಕ್ಸು" ಎಂದು. ಇಂಜಿನಿಯರ್ ಸಾಹೇಬರು ಎಂಬ ಮಾತು ಕಿವಿಗೆ ಬಿದ್ದಾಗ, ಅಲ್ಲ ಎನ್ನಲು ತೆರೆದ ಬಾಯಿಗೆ ಎಳನೀರು ಇಟ್ಟುಕೊಂಡ. ಒಂದು ಎಳನೀರು ಕುಡಿಯುವಷ್ಟು ಹೊತ್ತು ಸುಮ್ಮನಿದ್ದ, ಅಷ್ಟೆ. ಅಷ್ಟರಲ್ಲಿ ಎಲ್ಲ ಕೈ ಮೀರಿತ್ತು.

ಯಾಕೆಂದರೆ ಅದೇ ಹೊತ್ತಿನಲ್ಲಿ ಗುಂಪಿನಲ್ಲೊಬ್ಬ, "ಮರಕ್ಕೆಲ್ಲ ಪರಿಹಾರ ಕೊಡ್ತಾರಂತೆ" ಎಂದ. ಊರಿನ ಮುಖಭಾವವೇ ಬದಲಾಯಿತು. ಈಗ ತಾನೇ ನಮ್ಮ ಮರ ಬಿಡಿ ಎನ್ನುತ್ತಿದ್ದವರು ನಮ್ಮ ಮರಕ್ಕೂ ಹಾಕಿ ಎಂದರು. ಕೆಂಚಯ್ಯ ಅಂತೂ, "ಸಾರ್, ರೋಡು ನಮ್ಮ ಕಡೆಗೇ ಬರ್ಲಿ, ತಮ್ಮಂಗ್ಯಾಕೆ ತೊಂದ್ರೆ" ಎಂದು ತಮ್ಮನ ಬಗ್ಗೆ ಎಷ್ಟೋ ವರ್ಷದ ಮೇಲೆ ಒಂದು ಒಳ್ಳೆಯ ಮಾತಾಡಿದ. ಯಾರೋ ಬ್ರಷ್ ಕಿತ್ತುಕೊಂಡರು. ರಸ್ತೆ ಮುಗಿದು ತೆಂಗಿನ ತೋಟಕ್ಕೆ ನಂಬರು ಬಿತ್ತು, ಹಿತ್ತಲ ನುಗ್ಗೆಗೆ ಬಿತ್ತು, ಒಬ್ಬ ಪುಣ್ಯಾತ್ಮ ಪಪ್ಪಾಯಿ ಗಿಡಕ್ಕೂ ಬರೆದುಕೊಂಡ. ಪೇಂಟು ಖಾಲಿಯಾದಾಗ ಸಂಕ್ರಾಂತಿಗೆ ದನದ ಕೊಂಬಿಗೆ ಬಳಿದು ಉಳಿದಿದ್ದ ಬಣ್ಣ ಹೊರಗೆ ಬಂತು. ಎಲ್ಲರೂ ಒಟ್ಟಿಗೆ ಬರೆಯುತ್ತಿದ್ದರಿಂದ ನಂಬರು ತಪ್ಪದಂತೆ ನೋಡಿಕೊಳ್ಳುವ ಕೆಲಸ ಇಂಪನಳ ಮೇಲೆ ಬಿತ್ತು. ಕಟ್ಟೆಯ ಮೇಲೆ ನಿಂತು, "ಇದ್ಯಾವ ಮರ? ಯಾರದ್ದು?" ಎಂದು ಕೇಳಿ ಕೇಳಿ ನಂಬರು ಕೂಗುತ್ತಿದ್ದಳು. ಆಧಾರ್ ಕಾರ್ಡಿಗೆ ಕೇಳಿದ ಅದೇ ದನಿ.

"ರೋಡಿಲ್ಲ, ರೋಡಿಲ್ಲ" ಎಂದು ಜಯಕುಮಾರ ಒಬ್ಬೊಬ್ಬರ ಹಿಂದೆಯೂ ಓಡಿದ. "ಸಾಹೇಬ್ರು ಊಟ ಮಾಡಿಲ್ಲ, ಅದ್ಕೆ ಸುಸ್ತಾಗವ್ರೆ" ಎಂದು ಅನಂತರಾಜು ಅವನನ್ನು ಕೂರಿಸಿ ಮುದ್ದೆ ಉಪ್ಸಾರು ಇಕ್ಕಿಸಿದ. ಅತ್ತುಕೊಂಡೇ ಎರಡು ಮುದ್ದೆ ಉಂಡ.

ಹಲಸಿನ ಮರದ ಬುಡ ಬಿಟ್ಟು ಏಳದವಳು ದೊಡ್ಡಲಕ್ಷ್ಮಮ್ಮ ಒಬ್ಬಳೇ. "ನಂಗೆ ದುಡ್ಡು ಬ್ಯಾಡ, ನಂಬರ್ ಅಳ್ಸಿ" ಎಂದು ಸೆರಗಿನಲ್ಲಿ ತಿಕ್ಕುತ್ತಿದ್ದಳು. ಯಾರೂ ಕಿವಿಗೊಡದಿದ್ದಾಗ ಮೊಮ್ಮಗಳ ಕೈಲಿ ಅರಣ್ಯ ಇಲಾಖೆಗೆ ಫೋನ್ ಮಾಡಿಸಿದಳು.

ಬಂದವರು ಗಾರ್ಡ್ ಮೆಹಬೂಬ್. ಭಾನುವಾರದ ಊಟ ಬಿಟ್ಟು ಬಂದ ಮುಖ. ಊರನ್ನೆಲ್ಲ ಒಂದು ಸುತ್ತು ನೋಡಿದರು. ಪಪ್ಪಾಯಿ ಗಿಡದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರು.

"ಯಾರ ಆರ್ಡರ್ ಇದು?"

ಊರು ಅನಂತರಾಜುವನ್ನು ನೋಡಿತು. ಅನಂತರಾಜು ಜಯಕುಮಾರನನ್ನು ನೋಡಿದ. "ನಾನೂ ಅದನ್ನೇ ಕೇಳ್ತಿದ್ದೆ ಸಾರ್, ಯಾರಯ್ಯ ನೀನು ಅಂತ."

"ಮಗಳ ಪಾಠ ಸಾರ್" ಎಂದ ಜಯಕುಮಾರ.

"ಯಾವ ಸ್ಕೂಲು?"

"ಮನೆ ಸಾರ್."

"ಹೆಡ್ ಮಾಸ್ಟರ್ ಯಾರು?"

"ನಾನೇ."

ಮೆಹಬೂಬ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನನ್ನ ಸರ್ವಿಸಲ್ಲಿ ಮರ ಕದಿಯೋರನ್ನ ನೋಡಿದೀನಿ, ಕಡಿಯೋರನ್ನ ನೋಡಿದೀನಿ. ನಿಮ್ಮ ಮೇಲೆ ಏನಂತ ಕೇಸ್ ಬರೀಬೇಕು ಅನ್ನೋದೇ ನಂಗೆ ಹೊಳೀತಿಲ್ಲ. ಒಂದು ಕೆಲಸ ಮಾಡಿ. ಸೀಮೆಎಣ್ಣೆ ಹಾಕಿ ಎಲ್ಲಾನೂ ತಿಕ್ಕಿ ಅಳಿಸಿ. ಮನೆಗೆ ಫೋನ್ ಮಾಡಿ, ಜವಾಬ್ದಾರಿ ಇರೋರು ಯಾರಾದ್ರೂ ಬಂದು ಕರ್ಕೊಂಡು ಹೋಗ್ಲಿ."

"ಸಾರ್, ಜವಾಬ್ದಾರಿ ಇರೋನು ನಾನೇ."

ಮೆಹಬೂಬ್ ಫೋನನ್ನು ತಾವೇ ಇಸಿದುಕೊಂಡು ಭಾನುಪ್ರಿಯಳಿಗೆ ಹಚ್ಚಿದರು.

ರಸ್ತೆ ಬರುತ್ತದೆಂದು ಹೆದರಿದ್ದಕ್ಕಿಂತ ಬರುವುದಿಲ್ಲವೆಂದು ಗೊತ್ತಾದ ಮೇಲೆ ಊರಿಗೆ ಸಿಟ್ಟು ಹೆಚ್ಚು ಬಂತು. "ಎಳನೀರು ಕುಡಿವಾಗ ಗೊತ್ತಾಗ್ಲಿಲ್ವೇನ್ಲಾ?" ಎಂದ ಕೆಂಚಯ್ಯ. ಸಾರ್ ಹೋಗಿ ಲಾ ಬಂದಿತ್ತು. ತೆಂಗಿನ ನಾರು ಕೈಗೆ ಕೊಟ್ಟು ಒಂದನೇ ನಂಬರಿನ ಮುಂದೆ ನಿಲ್ಲಿಸಿದರು. ಅತೀಕ ಸುಳ್ಳು ಹೇಳಿರಲಿಲ್ಲ, ಪೇಂಟು ಒಳ್ಳೆಯದೇ. ಎಷ್ಟು ತಿಕ್ಕಿದರೂ ಒಂದು ಒಂದಾಗಿಯೇ ಇತ್ತು. ಬಾಕಿ ಮರಗಳನ್ನು ನೆನೆದು ಜಯಕುಮಾರನಿಗೆ ಕಣ್ಣು ಕತ್ತಲೆ ಬಂತು.

ಅತೀಕನ ಗೊಂಬೆ ಸಾಗಿಸುವ ಗೂಡ್ಸ್ ಆಟೋದಲ್ಲಿ ಭಾನುಪ್ರಿಯ ಬಂದಿಳಿದಾಗ ಅವಳ ಹಿಂದೆ ಚೆಲುವಯ್ಯನೂ ಇಳಿದರು. ಸೋಲೂರಿನಿಂದ ಬಂದು ಇನ್ನೂ ಕಾಲಿಗೆ ನೀರು ಹಾಕಿಕೊಂಡಿರಲಿಲ್ಲ.

"ಅಳಿಯಂದ್ರು ಏನ್ ಮಾಡ್ತಾವ್ರೆ?" ಎಂದು ಕೇಳಿದರು.

"ಮರ ತೊಳೀತಾವ್ರೆ" ಎಂದ ಕೆಂಚಯ್ಯ.

ಚೆಲುವಯ್ಯ ಹೆಚ್ಚು ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಏನ್ ಕಲ್ತೆ ಮಗ?"

ಜಯಕುಮಾರ ಕಣ್ಣು ಮುಚ್ಚಿಕೊಂಡ. ಹಿಂದೆ ಮುಂದೆ ಒಂದೇ ಸೈಡಿಗಾ ಎಂಬ ಮಾತು ಬರುವುದನ್ನೇ ಕಾಯುತ್ತ ನಿಂತ.

"ಒಂದು ಹುಣಸೆ. ಎರಡು ಹೊಂಗೆ. ಮೂರು ಅತ್ತಿ, ಅದ್ರ ಹಣ್ಣು ಸೀಳಿದ್ರೆ ಒಳಗೆ ಹುಳ ಇರ್ತವೆ. ನಾಲ್ಕು ಹಲಸು, ಅದು ಈ ಅಜ್ಜಿಯ ಅತ್ತೆ ನೆಟ್ಟಿದ್ದು, ಅಜ್ಜಿ ಅಳೋಕೆ ಇರೋದು. ಐದು ಗೋಣಿ, ಅದ್ರ ಕೆಳಗೆ ಮುಂಚೆ ಸಂತೆ ನಡೀತಿತ್ತಂತೆ. ಆರು ಬೇವು, ಕೆಂಚಯ್ಯ ತಾತಂದೂ ಅವ್ರ ತಮ್ಮಂದೂ ಜಗಳ ಶುರುವಾಗಿದ್ದು ಅದ್ರಿಂದ." ಹೀಗೆ ಶುರು ಮಾಡಿದವಳು ನಿಲ್ಲಿಸಲಿಲ್ಲ. ಯಾವ ಮರ, ಯಾರು ನೆಟ್ಟದ್ದು, ಯಾವಾಗ ಹೂ ಬಿಡುತ್ತದೆ, ಯಾವುದರ ಸೊಪ್ಪು ಆಡು ತಿನ್ನುವುದಿಲ್ಲ. ನಂಬರು ನೂರು ದಾಟಿತು. ಊರೇ ಸುಮ್ಮನೆ ನಿಂತು ಕೇಳಿತು. ಕೆಂಚಯ್ಯನೂ ಅವನ ತಮ್ಮನೂ ನೆಲ ನೋಡಿದರು. ನಾರು ಹಿಡಿದ ಜಯಕುಮಾರನ ಎದೆ ಉಬ್ಬಿ ಬಂತು. ಉಳಿದೆ ಎಂದುಕೊಂಡ.

"ಇದೆಲ್ಲ ಅಪ್ಪ ಹೇಳ್ಕೊಟ್ರಾ?"

"ಇಲ್ಲ ತಾತ. ಅಪ್ಪಂಗೆ ಬರೋದು ಮೂರೇ."

ಭಾನುಪ್ರಿಯ ಮುಖ ಆ ಕಡೆ ತಿರುಗಿಸಿಕೊಂಡಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

"ಮಗ ಚುರುಕಾಗೈತೆ" ಎಂದರು ಚೆಲುವಯ್ಯ. "ಅಳಿಯಂದ್ರೆ, ಇಂಥ ಮಗೀನ ಅಂಗಡೀಲಿ ಕೂರ್ಸಿದ್ರೆ ಪಾಪ ಸುತ್ಕತ್ತದೆ. ಸೋಲೂರಿಗೆ ಬತ್ತೀಯ ಮಗ?"

ತಿಕ್ಕುತ್ತಿದ್ದ ಕೈ ನಿಂತಿತು. ಇಂಪನ ಅಪ್ಪನ ಕೆಂಪು ಕೈಗಳನ್ನು ನೋಡಿದಳು.

"ನಾನು ನಮ್ ಸ್ಕೂಲಿಗೇ ಹೋಗ್ತೀನಿ ತಾತ. ಹಲಸಿನ ಮರ ಆಗ್ತೀನಿ."

"ಹಂಗಾದ್ರೆ ನಾಳೆ ನಿಮ್ಮಪ್ಪ ಹೋಗಿ ಕೇಳ್ಲಿ. ಸೇರಿಸ್ಕಂಡ್ರೆ ಸರಿ. ಇಲ್ದಿದ್ರೆ ನಾಡಿದ್ದು ನಾನು ಕರ್ಕೊಂಡು ಹೊರಡ್ತೀನಿ."

ಸೋಮವಾರ ಬೆಳಿಗ್ಗೆ ಹೆಡ್ ಮಿಸ್ ಎದುರು ಜಯಕುಮಾರ ನಿಂತಾಗ ಮೈಯೆಲ್ಲ ಸೀಮೆಎಣ್ಣೆ ವಾಸನೆ, ಉಗುರಲ್ಲೆಲ್ಲ ಕೆಂಪು. ಹೆಡ್ ಮಿಸ್ ಮೂಗಿಗೆ ಸೆರಗು ಹಿಡಿದುಕೊಂಡೇ ಕೇಳಿಸಿಕೊಂಡರು.

"ಸೀಟಿದೆ ಸಾರ್. ಟಿ.ಸಿ. ವಾಪಸ್ ತಂದುಕೊಡಿ."

ಜಯಕುಮಾರನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. "ಮತ್ತೆ ಆ ಮರ ಮೇಡಂ?"

"ಮರ ಬೇರೆ ಮಗುಗೆ ಕೊಟ್ಟಾಯ್ತು. ಎಲ್ಲ ಪಾರ್ಟೂ ಮುಗಿದಿದೆ. ಒಂದು ಬಂಡೆ ಇದೆ, ಸ್ಟೇಜ್ ಮಧ್ಯದಲ್ಲಿ ಬೂದು ಬಟ್ಟೆ ಹೊದ್ದುಕೊಂಡು ಕೂತಿರಬೇಕು. ಆಗುತ್ತಾ?"

ಯಾವ ಬಂಡೆ ಎಂಬ ಪ್ರಶ್ನೆ ಜಯಕುಮಾರನ ಗಂಟಲ ತನಕ ಬಂತು. ನುಂಗಿಕೊಂಡ.

"ಆಗುತ್ತೆ ಮೇಡಂ."

ಇಂಪನಳಿಗೆ ಹೇಳಿದಾಗ ಅವಳು ಅಳಲಿಲ್ಲ. ಆಯ್ತು ಎಂದು ಫ್ರಿಡ್ಜಿನ ಪಕ್ಕ ಹೋಗಿ ಮುದುರಿ ಕೂತಳು. ಅವಳು ಅತ್ತಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ವಾರ್ಷಿಕೋತ್ಸವದ ದಿನ ಅವನು ಹಿಂದಿನ ಸಾಲಿನಲ್ಲಿ ಕೂತ. ಕಾಡಿನ ರಾಣಿ ಮಾತು ಮರೆತಳು. ಜಿಂಕೆ ಅಮ್ಮನನ್ನು ಹುಡುಕಿಕೊಂಡು ಕೆಳಗಿಳಿಯಿತು. ಮರ ಎರಡು ಸಲ ಸೀನಿ, ಕೈ ನೋವೆಂದು ರೆಂಬೆ ಇಳಿಸಿತು. ಬಂಡೆ ಅಲ್ಲಾಡಲಿಲ್ಲ. ನವಿಲು ಎಡವಿ ಮೇಲೆ ಬಿದ್ದರೂ ಅಲ್ಲಾಡಲಿಲ್ಲ. ಜನ ರಾಣಿಗೆ ಚಪ್ಪಾಳೆ ಹೊಡೆದರು, ಜಿಂಕೆಗೆ ಹೊಡೆದರು. ಬಂಡೆಗೆ ಯಾರು ಹೊಡೆಯುತ್ತಾರೆ? ತನ್ನ ಬಾಯಿಯ ದೆಸೆಯಿಂದ ಮಗಳು ಮರವೂ ಆಗದೆ ಕಲ್ಲಾದಳಲ್ಲ ಎಂದು ಜಯಕುಮಾರ ಬಿಕ್ಕಿ ಬಿಕ್ಕಿ ಅತ್ತ. "ರೀ, ಜನ ನೋಡ್ತಾವ್ರೆ" ಎಂದು ಭಾನುಪ್ರಿಯ ತಿವಿದಳು.

ಪರದೆ ಬಿತ್ತು. ಮಕ್ಕಳೆಲ್ಲ ಓಡಿ ಬಂದರು. ಇಂಪನ ಬರಲಿಲ್ಲ. ಜಯಕುಮಾರ ಸ್ಟೇಜಿನ ಹಿಂದಿನಿಂದ ಹತ್ತಿ ಹೋದ. ಖಾಲಿ ಸ್ಟೇಜಿನ ಮಧ್ಯದಲ್ಲಿ ಬೂದು ಬಟ್ಟೆ ಹಾಗೇ ಕೂತಿತ್ತು.

"ಮಗ, ನಾಟಕ ಮುಗೀತು. ಏಳು."

ಬಟ್ಟೆಯ ಒಳಗಿನಿಂದ ಮೆಲ್ಲಗೆ ದನಿ ಬಂತು. "ನೀನು ಕೇಳ್ಲೇ ಇಲ್ಲ."

"ಏನು?"

"ಯಾವ ಬಂಡೆ ಅಂತ."

ಜಯಕುಮಾರ ಅಲ್ಲೇ ಮಂಡಿಯೂರಿ ಕೂತ. "ಯಾವ ಬಂಡೆ ಮಗ?"

"ಸಾವನದುರ್ಗ" ಎಂದು ಇಂಪನ ಬಟ್ಟೆ ಸರಿಸಿ ಎದ್ದಳು. ಮುಖವೆಲ್ಲ ಬೆವರು.

ಸಾವನದುರ್ಗ ಆ ದಿನ ಸ್ಕೂಟರಿನ ಮುಂದೆ ನಿಂತು ಎಲ್ಲರಿಗೂ ಹಾರ್ನ್ ಹೊಡೆಯುತ್ತ ಮನೆಗೆ ಹೋಯಿತು. ಜಯಕುಮಾರ ಈಗಲೂ ಪ್ರತಿ ಭಾನುವಾರ ಸೀಮೆಎಣ್ಣೆ ಡಬ್ಬಿ ಹಿಡಿದು ಬಿಲ್ಲಯ್ಯನದೊಡ್ಡಿಗೆ ಹೋಗುತ್ತಾನೆ. ಮೊದಲು ಅಳಿಸಿದ್ದು ನಾಲ್ಕನೇ ನಂಬರನ್ನು. ಉಳಿದವುಗಳನ್ನು ಅವನು ಅಳಿಸಿ ಬಂದ ಮರುದಿನ ಯಾರೋ ಮತ್ತೆ ಬರೆದಿರುತ್ತಾರೆ. ರೋಡಿನ ಫೈಲು ಮೇಲಕ್ಕೆ ಹೋಗಿದೆ ಎಂದು ಅನಂತರಾಜು ಹೇಳಿದ್ದಾನಂತೆ.